ಬಿಯರಿಗೆ ಕೊನೆಯಲ್ಲಿ ಹಾಕುವ ಹಾಪ್: ಕಹಿಯ ಅಂದಾಜು ಹೇಗೆ?

ಕಬ್ಬು ಬೆಳೆಯುವ ರೈತನಿಗೆ ಸಕ್ಕರೆ ಇಳುವರಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಅರಿಶಿನ ಬೆಳೆಯುವವನಿಗೆ ಕುರ್ಕುಮಿನ್ ಅಂಶದ ಬೆಲೆ ಗೊತ್ತು. ತೂಕ ಒಂದೇ ಆದರೂ ಒಳಗಿನ ಸತ್ವ ಬೇರೆಯಾಗಿರುವ ಇಂತಹ ಬೆಳೆಗಳ ಸಾಲಿಗೆ ಸೇರಿದ್ದು ಹಾಪ್. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಇದರ ಹೂಗೊನೆ.

ಹೊರದೇಶದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬಂದ ಕೆಲವು ರೈತ ಮಿತ್ರರು ಅಲ್ಲಿನ ಹಿತ್ತಲಲ್ಲಿ ಹಬ್ಬಿದ ಹಾಪ್ ಬಳ್ಳಿಯನ್ನೂ, ಮನೆಯಲ್ಲೇ ಬಿಯರ್ ಕಾಯಿಸುವುದನ್ನೂ ಕಂಡು ಪ್ರಶ್ನೆ ಕೇಳಿದ್ದಾರೆ. ಕೊನೆಯಲ್ಲಿ ಹಾಕಿದ ಹಾಪ್‌ನಿಂದ ಕಹಿ ಬರುವುದಿಲ್ಲವೆಂದು ಲೆಕ್ಕ ಹೇಳಿದರೂ ಬಿಯರ್ ಏಕೆ ಕಹಿಯಾಗುತ್ತದೆ ಎಂಬುದು ಅವುಗಳಲ್ಲಿ ಒಂದು. ಇಂತಹ ಸಂದರ್ಭದಲ್ಲಿ ದೂರು ಹಾಪ್ ಬೆಳೆದವನ ತಲೆಗೆ ಬರುವುದುಂಟು. ದೋಷ ಹೆಚ್ಚಾಗಿ ಇರುವುದು ಬೆಳೆಯಲ್ಲಲ್ಲ, ಬಿಸಿ ಆರದ ಪಾತ್ರೆಯಲ್ಲಿ.

ಮೊದಲಿಗೇ ಒಂದು ಮಾತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅಮೆರಿಕದಲ್ಲಿ 1978ರಲ್ಲಿ ಅಂಗೀಕಾರವಾದ ಕೇಂದ್ರ ಕಾನೂನು 1979ರಿಂದ ಮನೆ ಬಳಕೆಗೆ ಮಿತಿಯೊಳಗೆ ಬಿಯರ್ ತಯಾರಿಸಲು ಅವಕಾಶ ನೀಡಿತು. ಆದುದರಿಂದ ಇಲ್ಲಿ ಹೇಳುವ ಕ್ರಮ ಅಂತಹ ಅನುಮತಿ ಇರುವ ಕಡೆಗೆ ಮಾತ್ರ ಅನ್ವಯಿಸುತ್ತದೆ.

ಬೆಳೆಯ ಪರಿಚಯ

ಹಾಪ್ ಬಹುವಾರ್ಷಿಕ ಬಳ್ಳಿ. ಗಂಡು ಮತ್ತು ಹೆಣ್ಣು ಬಳ್ಳಿಗಳು ಬೇರೆ ಬೇರೆ. ಬೇಕಾದುದು ಹೆಣ್ಣು ಬಳ್ಳಿಯ ಗೊನೆ. ಗೊನೆಯ ಎಸಳುಗಳ ಬುಡದಲ್ಲಿ ಅಂಟಂಟಾದ ಹಳದಿ ಪುಡಿ ಇರುತ್ತದೆ. ಇದಕ್ಕೆ ಲುಪುಲಿನ್ ಎಂದು ಹೆಸರು. ಕಹಿಯ ಮೂಲವಾದ ಆಲ್ಫಾ ಆಮ್ಲಗಳೂ ಪರಿಮಳದ ತೈಲಗಳೂ ಇದರಲ್ಲಿಯೇ ಇವೆ. ಅಮೆರಿಕದ ಕೃಷಿ ಇಲಾಖೆಯು ಆರೆಗನ್ ರಾಜ್ಯ ವಿಶ್ವವಿದ್ಯಾಲಯದೊಡನೆ ಸೇರಿ 1972ರಲ್ಲಿ ಬಿಡುಗಡೆ ಮಾಡಿದ ಕ್ಯಾಸ್ಕೇಡ್ ತಳಿ ಮನೆ ತಯಾರಕರಲ್ಲಿ ಬಹಳ ಜನಪ್ರಿಯ. ಇದರ ಆಲ್ಫಾ ಆಮ್ಲ ಸಾಮಾನ್ಯವಾಗಿ ಶೇ. 4.5ರಿಂದ 7ರವರೆಗೆ ಇರುತ್ತದೆ.

ಕಹಿ ಹುಟ್ಟುವ ಬಗೆ

ಆಲ್ಫಾ ಆಮ್ಲ ಇದ್ದ ಹಾಗೆಯೇ ಹೆಚ್ಚು ಕಹಿಯಲ್ಲ. ಸುಲಭವಾಗಿ ಕರಗುವುದೂ ಇಲ್ಲ. ಮಾಲ್ಟಿನ ಸಿಹಿರಸದಲ್ಲಿ ಕುದಿಸಿದಾಗ ಅದರ ಅಣುವಿನ ರಚನೆ ಬದಲಾಗಿ ಐಸೊ-ಆಲ್ಫಾ ಆಮ್ಲವಾಗುತ್ತದೆ. ಇದೇ ಬಿಯರಿನ ಕಹಿ. ಲೀಟರಿಗೆ ಒಂದು ಮಿಲಿಗ್ರಾಂ ಐಸೊ-ಆಲ್ಫಾ ಆಮ್ಲವನ್ನು ಸರಿಸುಮಾರು ಒಂದು ಕಹಿಮಾನ (ಐ.ಬಿ.ಯು.) ಎಂದು ಲೆಕ್ಕ ಹಿಡಿಯುತ್ತಾರೆ.

ಬಹಳ ಹೊತ್ತು ಕುದಿಸಿದರೆ ಕಹಿ ಹೆಚ್ಚುತ್ತದೆ, ಆದರೆ ಪರಿಮಳ ಹಬೆಯೊಡನೆ ಹೋಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಇಳಿಸುವಾಗ ಹಾಕುವುದು ಇದೇ ಕಾರಣಕ್ಕೆ. ಆದುದರಿಂದ ಹಾಪ್‌ನ ಒಂದು ಪಾಲನ್ನು ಕಹಿಗಾಗಿ ಮೊದಲೇ, ಇನ್ನೊಂದು ಪಾಲನ್ನು ಪರಿಮಳಕ್ಕಾಗಿ ಕೊನೆಯಲ್ಲಿ ಹಾಕುವ ಪದ್ಧತಿ ಬಂದಿದೆ.

ರೂಢಿಯ ಲೆಕ್ಕ

ಅಮೆರಿಕದ ಗ್ಲೆನ್ ಟಿನ್ಸೆತ್ 1990ರ ದಶಕದಲ್ಲಿ ರೂಪಿಸಿದ ಸೂತ್ರ ಮನೆ ತಯಾರಕರಲ್ಲಿ ಹೆಚ್ಚು ಬಳಕೆಯಲ್ಲಿದೆ. ಹಾಕಿದ ಆಲ್ಫಾ ಆಮ್ಲದಲ್ಲಿ ಎಷ್ಟು ಪಾಲು ಕಹಿಯಾಗಿ ಉಳಿಯುತ್ತದೆ ಎಂಬುದನ್ನು ಕುದಿಸಿದ ಅವಧಿ ಮತ್ತು ಸಿಹಿರಸದ ಸಾಂದ್ರತೆಯಿಂದ ಅದು ತಿಳಿಸುತ್ತದೆ. ಸಾಂದ್ರತೆ 1.050 ಇದ್ದಾಗ ಬರುವ ಪ್ರಮಾಣ ಹೀಗಿದೆ:

5 ನಿಮಿಷ — ಶೇ. 4.6
10 ನಿಮಿಷ — ಶೇ. 8.4
20 ನಿಮಿಷ — ಶೇ. 14.0
30 ನಿಮಿಷ — ಶೇ. 17.7
60 ನಿಮಿಷ — ಶೇ. 23.1

ಒಂದು ಗಂಟೆ ಕುದಿಸಿದರೂ ಕಾಲು ಪಾಲಿಗಿಂತ ಕಡಿಮೆ ಆಲ್ಫಾ ಆಮ್ಲ ಮಾತ್ರ ಕಹಿಯಾಗಿ ಬಿಯರಿಗೆ ಬರುತ್ತದೆ ಎಂಬುದನ್ನು ಗಮನಿಸಬೇಕು. ಸಿಹಿರಸ ಗಟ್ಟಿಯಾದಷ್ಟೂ ಈ ಪಾಲು ಇನ್ನೂ ಇಳಿಯುತ್ತದೆ.

ಒಲೆ ಆರಿಸುವಾಗ ಹಾಕಿದ ಹಾಪ್‌ಗೆ ಕುದಿಯ ಅವಧಿ ಸೊನ್ನೆ. ಆದುದರಿಂದ ಸೂತ್ರದಲ್ಲಿ ಅದರ ಕಹಿಯೂ ಸೊನ್ನೆ. ತೊಡಕು ಇರುವುದು ಇಲ್ಲಿಯೇ. ಒಲೆ ಆರಿಸಿ ಮುಚ್ಚಿಟ್ಟ ಅನ್ನ ಬೇಯುತ್ತಲೇ ಇರುವುದನ್ನು ಮನೆಯ ಹೆಂಗಸರು ಬಲ್ಲರು. ಸಿಹಿರಸದಲ್ಲಿಯೂ ಬಿಸಿ ಇರುವವರೆಗೆ ಆಲ್ಫಾ ಆಮ್ಲ ಕಹಿಯಾಗುತ್ತಲೇ ಇರುತ್ತದೆ.

ಉಷ್ಣತೆಯ ಪಾತ್ರ

ಆರೆಗನ್ ರಾಜ್ಯ ವಿಶ್ವವಿದ್ಯಾಲಯದ ಮಾಲೋವಿಕಿ ಮತ್ತು ಶೆಲ್‌ಹ್ಯಾಮರ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 90ರಿಂದ 130 ಡಿಗ್ರಿ ಸೆಂಟಿಗ್ರೇಡ್‌ವರೆಗೆ ಈ ಬದಲಾವಣೆಯ ವೇಗವನ್ನು ಅಳೆದರು. ಅವರ ಸಮೀಕರಣದಂತೆ, 100 ಡಿಗ್ರಿಯಲ್ಲಿನ ವೇಗವನ್ನು 1 ಎಂದು ಹಿಡಿದರೆ ಉಳಿದ ಉಷ್ಣತೆಗಳಲ್ಲಿ ವೇಗ ಹೀಗಾಗುತ್ತದೆ. 90 ಡಿಗ್ರಿಗಿಂತ ಕೆಳಗಿನ ಅಂಕಿಗಳು ಅದೇ ಸಮೀಕರಣವನ್ನು ಮುಂದುವರಿಸಿ ಪಡೆದ ಅಂದಾಜು.

95 ಡಿಗ್ರಿ — 0.65
90 ಡಿಗ್ರಿ — 0.42
85 ಡಿಗ್ರಿ — 0.26
80 ಡಿಗ್ರಿ — 0.17
70 ಡಿಗ್ರಿ — 0.06

ಅಂದರೆ 90 ಡಿಗ್ರಿಯಲ್ಲಿ ಹತ್ತು ನಿಮಿಷ ನಿಂತ ಹಾಪ್ ನಾಲ್ಕು ನಿಮಿಷ ಕುದಿದ ಹಾಪ್‌ಗೆ ಸಮ. 70 ಡಿಗ್ರಿಗೆ ಇಳಿದ ಮೇಲೆ ಹೆಚ್ಚು ಚಿಂತಿಸಬೇಕಾಗಿಲ್ಲ.

ಒಂದು ಉದಾಹರಣೆ

20 ಲೀಟರ್ ಬಿಯರ್, ಸಾಂದ್ರತೆ 1.050, ಶೇ. 6 ಆಲ್ಫಾ ಆಮ್ಲದ ಕ್ಯಾಸ್ಕೇಡ್ ಹಾಪ್ ಎಂದಿಟ್ಟುಕೊಳ್ಳೋಣ.

ಮೊದಲ ಕಂತು: 20 ಗ್ರಾಂ ಹಾಪ್, 60 ನಿಮಿಷದ ಕುದಿ. ಇದರಲ್ಲಿ ಆಲ್ಫಾ ಆಮ್ಲ 1,200 ಮಿಲಿಗ್ರಾಂ, ಅಂದರೆ ಲೀಟರಿಗೆ 60 ಮಿಲಿಗ್ರಾಂ. ಇದರ ಶೇ. 23.1 ಎಂದರೆ ಸುಮಾರು 14 ಕಹಿಮಾನ.

ಕೊನೆಯ ಕಂತು: 50 ಗ್ರಾಂ. ಲೀಟರಿಗೆ 150 ಮಿಲಿಗ್ರಾಂ ಆಲ್ಫಾ ಆಮ್ಲ. ಇದನ್ನು ಮೂರು ಬಗೆಯಲ್ಲಿ ಹಾಕಬಹುದು.

(ಅ) ಒಲೆ ಆರಿಸಿದೊಡನೆ ಹಾಕಿ, 20 ನಿಮಿಷ ಮುಚ್ಚಿಡುವುದು. ಮೊದಲ ಹತ್ತು ನಿಮಿಷ ಸರಾಸರಿ 95 ಡಿಗ್ರಿ, ನಂತರದ ಹತ್ತು ನಿಮಿಷ 85 ಡಿಗ್ರಿ ಇದ್ದರೆ, 6.5 ಮತ್ತು 2.6 ಕೂಡಿ ಸುಮಾರು 9 ನಿಮಿಷದ ಕುದಿಗೆ ಸಮ. ಇದರಿಂದ ಸುಮಾರು 12 ಕಹಿಮಾನ ಬರುತ್ತದೆ.

(ಆ) ರಸವನ್ನು 80 ಡಿಗ್ರಿಗೆ ಇಳಿಸಿ, ಆಮೇಲೆ ಹಾಪ್ ಹಾಕಿ ಅದೇ ಉಷ್ಣತೆಯಲ್ಲಿ 20 ನಿಮಿಷ ಇಡುವುದು. ಇದು ಮೂರೂಕಾಲು ನಿಮಿಷದ ಕುದಿಗೆ ಸಮ. ಕಹಿ ಸುಮಾರು 5 ಕಹಿಮಾನ.

(ಇ) ಒಲೆ ಆರಿಸಿ ಹಾಪ್ ಹಾಕಿದ ಕೂಡಲೇ ತಣ್ಣೀರು ಹರಿಯುವ ಸುರುಳಿಯಿಂದ ಐದು ನಿಮಿಷದೊಳಗೆ 70 ಡಿಗ್ರಿಗೆ ಇಳಿಸುವುದು. ಈ ಅವಧಿಯ ಸರಾಸರಿ 85 ಡಿಗ್ರಿ ಎಂದು ಹಿಡಿದರೆ ಕಹಿ ಸುಮಾರು 2 ಕಹಿಮಾನ.

ರೂಢಿಯ ಲೆಕ್ಕದಂತೆ ಮೂರರಲ್ಲಿಯೂ ಒಟ್ಟು ಕಹಿ 14. ವಾಸ್ತವವಾಗಿ ಇವು 26, 19 ಮತ್ತು 16ರ ಸಮೀಪಕ್ಕೆ ಬರುತ್ತವೆ. ಹಾಪ್ ಅದೇ, ತೂಕ ಅದೇ. ಮೊದಲ ಕ್ರಮದಲ್ಲಿ ಮಾತ್ರ ಕಹಿ ಇಮ್ಮಡಿಯ ಹತ್ತಿರ ಹೋಗಿದೆ.

ಅಂದಾಜು ತಪ್ಪುವ ಇತರ ಕಾರಣಗಳು

1. ಪಾತ್ರೆಯ ಗಾತ್ರ: ಇಪ್ಪತ್ತು ಲೀಟರ್ ರಸ ಬೇಗ ಆರುತ್ತದೆ, ಕಾರ್ಖಾನೆಯ ಸಾವಿರಾರು ಲೀಟರ್ ಬೇಗ ಆರುವುದಿಲ್ಲ. ಆದುದರಿಂದ ಕಾರ್ಖಾನೆಯ ಪಾಕಕ್ರಮವನ್ನು ಮನೆಗೆ ಇಳಿಸಿದರೆ ಕಹಿ ಕಡಿಮೆಯಾಗಬಹುದು, ಮನೆಯದನ್ನು ಕಾರ್ಖಾನೆಗೆ ಏರಿಸಿದರೆ ಹೆಚ್ಚಬಹುದು.

2. ಊರಿನ ಎತ್ತರ: ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ನೀರು 95 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಅಲ್ಲಿ ಕಹಿಯಾಗುವ ವೇಗ ಸಮುದ್ರತೀರದ ಮೂರನೇ ಎರಡರಷ್ಟು ಮಾತ್ರ.

3. ಹಳೆಯ ಹಾಪ್: ಗಾಳಿ ಮತ್ತು ಬಿಸಿಗೆ ಸಿಕ್ಕ ಹಾಪ್‌ನಲ್ಲಿ ಆಲ್ಫಾ ಆಮ್ಲ ಇಳಿಯುತ್ತ ಹೋಗುತ್ತದೆ. ಅದರ ಒಂದು ಭಾಗ ಹ್ಯೂಮುಲಿನೋನ್ ಎಂಬ ಪದಾರ್ಥವಾಗುತ್ತದೆ. ಇದು ಕುದಿಸದೆಯೂ ಕರಗಿ ಸ್ವಲ್ಪ ಕಹಿ ಕೊಡುತ್ತದೆ. ತಣ್ಣನೆಯ ಬಿಯರಿಗೆ ಹಾಪ್ ಹಾಕಿದಾಗಲೂ ಕಹಿ ತೋರುವುದಕ್ಕೆ ಇದು ಒಂದು ಕಾರಣ.

4. ಹಿತ್ತಲ ಬೆಳೆ: ಮನೆಯಲ್ಲಿ ಬೆಳೆದ ಹಾಪ್‌ನ ಆಲ್ಫಾ ಆಮ್ಲ ಪರೀಕ್ಷೆಯಿಲ್ಲದೆ ತಿಳಿಯದು. ಅಂತಹುದನ್ನು ಕಹಿಯ ಕಂತಿಗೆ ನೆಚ್ಚದೆ ಪರಿಮಳದ ಕಂತಿಗೆ, ಅದೂ 80 ಡಿಗ್ರಿಗೆ ಇಳಿಸಿದ ರಸಕ್ಕೆ ಹಾಕುವುದು ಕ್ಷೇಮ. ಲೆಕ್ಕ ತಪ್ಪಿದರೂ ನಷ್ಟ ಕಡಿಮೆ. ಹಸಿ ಗೊನೆ ಒಣಗಿದಾಗ ತೂಕ ನಾಲ್ಕೈದನೇ ಒಂದು ಪಾಲಿಗೆ ಇಳಿಯುವುದನ್ನೂ ಮರೆಯಬಾರದು.

ಈ ಎಲ್ಲ ಕಾರಣಗಳಿಂದ ಮೇಲಿನ ಅಂಕಿಗಳು ಅಂದಾಜು ಮಾತ್ರ. ಆದರೆ ಸೊನ್ನೆ ಎಂದು ಬರೆದಿಡುವುದಕ್ಕಿಂತ ಇವು ಸತ್ಯಕ್ಕೆ ಹತ್ತಿರ. ಬೇಕಾದ ಉಪಕರಣವೂ ಒಂದು ಉಷ್ಣಮಾಪಕ ಮತ್ತು ಒಂದು ಗಡಿಯಾರ ಮಾತ್ರ. ಐದು ನಿಮಿಷಕ್ಕೊಮ್ಮೆ ಉಷ್ಣತೆ ಗುರುತಿಟ್ಟುಕೊಂಡರೆ ಮುಂದಿನ ಬಾರಿಗೆ ಅದೇ ದಾರಿದೀಪ.

ನಮ್ಮ ರೈತರಿಗೆ

ಬೆಂಗಳೂರಿನ ಕಿರು ಬಿಯರ್ ತಯಾರಿಕಾ ಘಟಕಗಳನ್ನು ಕಂಡು ಹಾಪ್ ಬೆಳೆಯಬಹುದೇ ಎಂದು ಯೋಚಿಸುವವರಿಗೆ ಒಂದು ಎಚ್ಚರಿಕೆ. ಹಾಪ್‌ಗೆ ಬೇಸಿಗೆಯಲ್ಲಿ ದೀರ್ಘವಾದ ಹಗಲೂ ಚಳಿಗಾಲದಲ್ಲಿ ಒಳ್ಳೆಯ ಶೀತವೂ ಬೇಕು. ಅಮೆರಿಕದ ಪ್ರಮುಖ ಹಾಪ್ ಪ್ರದೇಶವಾದ ಯಾಕಿಮಾ ಕಣಿವೆಯಲ್ಲಿ ಅತಿ ದೀರ್ಘ ಹಗಲು ಸುಮಾರು 16 ಗಂಟೆ. ಬೆಂಗಳೂರಿನಲ್ಲಿ 13 ಗಂಟೆಯೂ ತುಂಬುವುದಿಲ್ಲ. ಭಾರತದಲ್ಲಿ ಈ ಬೆಳೆಯ ಅನುಭವವಿರುವುದು ಹಿಮಾಚಲ ಪ್ರದೇಶದ ಲಾಹೌಲ್‌ನಂತಹ ಶೀತ ಕಣಿವೆಯಲ್ಲಿ. ಸಸಿಗೆ ಹಣ ಸುರಿಯುವ ಮುನ್ನ ಇದನ್ನು ತೂಗಿನೋಡಬೇಕು.

ಹಾಪ್ ಬೆಳೆಯದಿದ್ದರೂ ಇದರಿಂದ ಕಲಿಯುವುದಿದೆ. ಚೀಲದ ಮೇಲೆ ತಳಿ, ಕೊಯ್ಲಿನ ವರ್ಷ ಮತ್ತು ಸತ್ವದ ಪ್ರಮಾಣ ನಮೂದಿಸಿ ಮಾರುವ ಹಾಪ್ ಬೆಳೆಗಾರ, ಕಹಿ ಹೆಚ್ಚಾಯಿತೆಂಬ ದೂರು ಬಂದಾಗ ಅಂಕಿ ತೋರಿಸಿ ಉತ್ತರ ಕೊಡಬಲ್ಲ. ಅರಿಶಿನ, ಮೆಣಸು, ಮೆಣಸಿನಕಾಯಿ ಬೆಳೆಯುವ ನಮ್ಮ ರೈತ ಬಾಂಧವರೂ ತಮ್ಮ ಮಾಲಿನ ಸತ್ವವನ್ನು ಪರೀಕ್ಷೆ ಮಾಡಿಸಿ, ಬರೆದಿಟ್ಟು ಮಾರುವುದನ್ನು ರೂಢಿಸಿಕೊಳ್ಳುವುದು ಒಳ್ಳೆಯದು.