ಪಹಣಿಗೂ ಕ್ರಯಪತ್ರಕ್ಕೂ ಮಾತು ಬೆಳೆದ ಕಥೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ಈ ನಾಲ್ಕರಲ್ಲಿ ಯಾವ ತಾಲ್ಲೂಕು ಕಚೇರಿಗಾದರೂ ಹೋಗಿ, ಅಲ್ಲಿ ಕಾದು ನಿಂತವರ ಕೈ ನೋಡಿ. ಹಲವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಒಳಗೆ ಪಹಣಿ, ಮ್ಯುಟೇಷನ್ ಪ್ರತಿ, ಕ್ರಯಪತ್ರದ ಜೆರಾಕ್ಸು, ಇ.ಸಿ. ಎಂಬ ಋಣಭಾರ ಪತ್ರ, ಮಡಿಕೆಯಲ್ಲೇ ಹರಿದುಹೋದ ನಕ್ಷೆ. ಎಲ್ಲವೂ ಒಂದೇ ಜಮೀನಿನ ಕಾಗದ. ಕೊಟ್ಟದ್ದೂ ಸರ್ಕಾರವೇ, ಈಗ ತೋರಿಸು ಎನ್ನುವುದೂ ಸರ್ಕಾರವೇ. ಒಂದು ಕಚೇರಿ ಕೊಟ್ಟದ್ದನ್ನು ಇನ್ನೊಂದು ಕಚೇರಿಗೆ ಮುಟ್ಟಿಸುವ ಕೆಲಸ ಮಾತ್ರ ರೈತನ ಪಾಲಿಗೆ ಬಂದಿತ್ತು. ಕಚೇರಿಗಳ ನಡುವೆ ತಂತಿ ಇಲ್ಲದ ಕಾಲದಲ್ಲಿ ಆ ತಂತಿಯಾಗಿ ಓಡಾಡಿದವನು ಅವನೇ.

ಆ ಓಡಾಟವನ್ನು ಕಂಪ್ಯೂಟರುಗಳಿಗೆ ಒಪ್ಪಿಸಲು ಕರ್ನಾಟಕ ಕಾಲು ಶತಮಾನದಿಂದ ದುಡಿಯುತ್ತಿದೆ. ಬೇರೆ ಬೇರೆ ಇಲಾಖೆಗಳು, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರಿಂದ ಕಟ್ಟಿಸಿಕೊಂಡ ತಂತ್ರಾಂಶಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತೆ ಆದದ್ದು ಹೇಗೆ ಎಂಬುದು ಈ ನಾಲ್ಕು ತಾಲ್ಲೂಕುಗಳ ಜಿಲ್ಲೆಯವರು ತಿಳಿಯಲೇಬೇಕಾದ ಕಥೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಇಲ್ಲಿ ಗುಂಟೆ ಗುಂಟೆಗೂ ಬೆಲೆ ಬಂದಿದೆ. ದಾಖಲೆಯಲ್ಲಿ ಒಂದಕ್ಷರ ತಪ್ಪಿದರೂ ಒಂದು ಸಂಸಾರ ಬೀದಿಗೆ ಬರಬಹುದು.

ಒಂದು ಹೊಲ, ಮೂರು ಲೆಕ್ಕ

ಹೊಲ ಒಂದೇ ಆದರೂ ಅದರ ಲೆಕ್ಕ ಮೂರು ಕಡೆ ಇರುತ್ತದೆ. ಯಾರದು ಎಂಬುದನ್ನು ಕಂದಾಯ ಇಲಾಖೆ ಪಹಣಿಯಲ್ಲಿ ಬರೆದಿಡುತ್ತದೆ. ಎಲ್ಲಿದೆ, ಎಷ್ಟಿದೆ ಎಂಬುದು ಭೂಮಾಪನ ಇಲಾಖೆಯ ನಕ್ಷೆಯಲ್ಲಿರುತ್ತದೆ. ಯಾರು ಯಾರಿಗೆ ಮಾರಿದರು ಎಂಬ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ನೋಂದಣಿ ನಡೆಯುವುದು 1908ರ ಕಾಯ್ದೆಯಡಿ, ಪಹಣಿಗೆ ಆಧಾರ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ.

ಕ್ರಯಪತ್ರ ನೋಂದಣಿಯಾದ ಕೂಡಲೇ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತಾಲ್ಲೂಕು ಕಚೇರಿಗೆ ‘ಜೆ ಸ್ಲಿಪ್’ ಎಂಬ ಚೀಟಿ ಹೋಗಬೇಕು. ಅದರ ಮೇಲೆ ನೋಟಿಸು ಹೊರಟು, ತಕರಾರಿಗೆ ಅವಕಾಶ ಕೊಟ್ಟು, ಆಮೇಲೆ ಖಾತೆ ಬದಲಾಗಬೇಕು. ಚೀಟಿ ಕಾಗದದಲ್ಲಿದ್ದ ಕಾಲದಲ್ಲಿ ಅದು ತಡವಾಗಿ ತಲುಪುವುದಿತ್ತು, ಕಟ್ಟಿನಲ್ಲಿ ಕೊಳೆಯುವುದೂ ಇತ್ತು. ಅಲ್ಲಿಯವರೆಗೆ ಪಹಣಿಯಲ್ಲಿ ಮಾರಿದವನ ಹೆಸರೇ. ಅದನ್ನೇ ತೋರಿಸಿ ಅದೇ ಜಮೀನನ್ನು ಮತ್ತೊಬ್ಬರಿಗೆ ಮಾರುವವರೂ ಇದ್ದರು. ಎರಡು ಕಚೇರಿಗಳ ನಡುವಿನ ಮೌನವೇ ಮೋಸಕ್ಕೆ ದಾರಿಯಾಗಿತ್ತು.

ಭೂಮಿ ಬಂತು, ಕಾವೇರಿ ಬಂತು

ಮೊದಲು ಕಂಪ್ಯೂಟರಿಗೆ ಹತ್ತಿದ್ದು ಪಹಣಿ. 2000ದ ಆಸುಪಾಸಿನಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ‘ಭೂಮಿ’ ಯೋಜನೆ ರಾಜ್ಯದ ತಾಲ್ಲೂಕುಗಳನ್ನು ಆವರಿಸಿತು. ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಯಂತ್ರಕ್ಕೆ ಏರಿದವು. ರಾಷ್ಟ್ರೀಯ ಮಾಹಿತಿ ಕೇಂದ್ರದ ತಜ್ಞರು ತಂತ್ರಾಂಶವನ್ನು ವಿಷುವಲ್ ಬೇಸಿಕ್ ಮತ್ತು ಎಸ್‌ಕ್ಯುಎಲ್ ಸರ್ವರ್ ಮೇಲೆ ಕಟ್ಟಿದರು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾಯಿತು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬಂತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ನೋಂದಣಿ ಇಲಾಖೆಯದು ಬೇರೆಯೇ ದಾರಿ. ಪುಣೆಯ ಸಿ-ಡ್ಯಾಕ್ ಸಂಸ್ಥೆ ಅದಕ್ಕೆ ‘ಕಾವೇರಿ’ ತಂತ್ರಾಂಶ ಮಾಡಿಕೊಟ್ಟಿತು. ಭೂಮಾಪನ ಇಲಾಖೆಗೆ ‘ಮೋಜಿಣಿ’ ಬಂತು. ಮೂರೂ ಅವರವರ ಕೆಲಸಕ್ಕೆ ಒಪ್ಪುವಂಥವು. ಆದರೆ ಭೂಮಿಗೆ ಕಾವೇರಿಯ ಪರಿಚಯವಿರಲಿಲ್ಲ, ಕಾವೇರಿಗೆ ಮೋಜಿಣಿ ಗೊತ್ತಿರಲಿಲ್ಲ. ಕಾಗದದ ಕಾಲದ ಗೋಡೆಗಳು ಕಂಪ್ಯೂಟರಿನೊಳಗೂ ಎದ್ದವು.

ಕಲಂ ಒಂಬತ್ತರ ಪಾಠ

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. 1990ರ ದಶಕದ ಕೊನೆಗೆ ಇಡೀ ಜಗತ್ತಿನ ತಂತ್ರಾಂಶ ಲೋಕ ಇದೇ ತಲೆನೋವು ಅನುಭವಿಸುತ್ತಿತ್ತು. ಮೈಕ್ರೊಸಾಫ್ಟ್ ವೇದಿಕೆಯಲ್ಲಿ ಬರೆದದ್ದು ಜಾವಾದಲ್ಲಿ ಬರೆದದ್ದರ ಜತೆ ಸಲೀಸಾಗಿ ಮಾತಾಡುತ್ತಿರಲಿಲ್ಲ. ಆಗ ಹೊಳೆದ ಉಪಾಯ ಸರಳವಾದದ್ದು. ಒಬ್ಬರ ಯಂತ್ರದೊಳಕ್ಕೆ ಇನ್ನೊಬ್ಬರು ಕೈ ಹಾಕುವುದು ಬೇಡ. ಇಬ್ಬರಿಗೂ ಓದಲು ಬರುವ ಒಂದು ನಮೂನೆಯಲ್ಲಿ ಪತ್ರ ಬರೆದುಕೊಳ್ಳೋಣ. 1998ರ ಫೆಬ್ರವರಿಯಲ್ಲಿ, ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಒಪ್ಪಿದ ಎಕ್ಸ್‌ಎಂಎಲ್ ಅಂಥ ನಮೂನೆ. ಅದರಲ್ಲಿ ಬರೆದದ್ದನ್ನು ಲಕೋಟೆಗೆ ಹಾಕಿ ಕಳಿಸುವ ಕ್ರಮವಾಗಿ ‘ಸೋಪ್’ ಬಂತು. ಅದರ 1.1ನೇ ಆವೃತ್ತಿ ಹೊರಬಿದ್ದದ್ದು 2000ದಲ್ಲಿ. ಒಂದೇ ನಿಯಮವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅರ್ಥ ಮಾಡಿಕೊಂಡಾಗ, ಎದುರಾಳಿಗಳಾಗಿದ್ದ ಮೈಕ್ರೊಸಾಫ್ಟ್ ಮತ್ತು ಐಬಿಎಂನಂಥ ಕಂಪನಿಗಳೇ 2002ರಲ್ಲಿ ಡಬ್ಲ್ಯುಎಸ್-ಐ ಎಂಬ ಒಕ್ಕೂಟ ಕಟ್ಟಿಕೊಂಡು ಪಟ್ಟಾಗಿ ಕೂತು ಸರಿಪಡಿಸಿಕೊಂಡವು.

ನಮ್ಮ ರೈತನಿಗೆ ಇದನ್ನು ವಿವರಿಸುವುದು ಸುಲಭ. ಪಹಣಿಯೂ ಅಂಥದೊಂದು ನಮೂನೆ. ಯಾವ ಊರಿನ ಲೆಕ್ಕಿಗ ಬರೆದರೂ, ಯಾರ ಅಕ್ಷರ ಹೇಗೇ ಇದ್ದರೂ, ಕಲಂ 9ರಲ್ಲಿ ಖಾತೆದಾರನ ಹೆಸರು, 11ರಲ್ಲಿ ಇತರ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿ ವಿವರ. ನೆಲಮಂಗಲದ ಪಹಣಿಯನ್ನು ಬೀದರಿನ ಬ್ಯಾಂಕಿನವರು ಓದಬಲ್ಲರು, ಏಕೆಂದರೆ ಯಾವುದು ಎಲ್ಲಿರಬೇಕೆಂದು ಮೊದಲೇ ಒಪ್ಪಂದವಾಗಿದೆ. ತಂತ್ರಾಂಶಗಳನ್ನು ಬೆಸೆಯುವುದೂ ಇಂಥ ಒಪ್ಪಂದವೇ.

ಆ ಒಪ್ಪಂದ ನಮ್ಮಲ್ಲಿ ಹಂತ ಹಂತವಾಗಿ ಆಯಿತು. ಕೃಷಿ ಜಮೀನಿನ ನೋಂದಣಿಗೆ ಬಂದಾಗ ಕಾವೇರಿಯು ಭೂಮಿಯಿಂದಲೇ ಪಹಣಿ ತರಿಸಿಕೊಂಡು, ಮಾರುವವನ ಹೆಸರು ಮತ್ತು ವಿಸ್ತೀರ್ಣವನ್ನು ತಾಳೆ ನೋಡತೊಡಗಿತು. ಒಂದು ಸರ್ವೆ ನಂಬರಿನ ಭಾಗ ಮಾತ್ರ ಮಾರುವುದಾದರೆ ಮೊದಲೇ ‘11ಇ’ ನಕ್ಷೆ ಆಗಿರಬೇಕು, ಆ ನಕ್ಷೆ ಮೋಜಿಣಿಯ ಮೂಲಕ ಬರಬೇಕು. ನೋಂದಣಿ ಮುಗಿದ ಮೇಲೆ ಜೆ ಸ್ಲಿಪ್ ಜವಾನನ ಕೈಗೆ ಕಾಯದೆ ತಂತಿಯ ಮೇಲೆ ತಾಲ್ಲೂಕು ಕಚೇರಿಗೆ ಹೋಯಿತು. ಮ್ಯುಟೇಷನ್ ಕೆಲಸ ಅಲ್ಲಿಂದಲೇ ಶುರು.

ಹನ್ನೆರಡು ಗುಂಟೆಯ ಪ್ರಶ್ನೆ

ತಂತಿ ಎಳೆಯುವುದಕ್ಕಿಂತ ಕಷ್ಟದ್ದು ಅರ್ಥವನ್ನು ಬೆಸೆಯುವುದು. ಪಹಣಿಯಲ್ಲಿ 2.20 ಎಂದಿದ್ದರೆ ನಮಗೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, 1,089 ಚದರಡಿ. ಅಂಥ 40 ಸೇರಿದರೆ ಎಕರೆ. ಹಾಗಾಗಿ 2.20 ಎಂದರೆ ಎರಡೂವರೆ ಎಕರೆ. ಈ ಗುಟ್ಟು ತಿಳಿಯದ ತಂತ್ರಾಂಶ ಅದನ್ನು ದಶಾಂಶವೆಂದು ಓದಿದರೆ ಎರಡು ಎಕರೆ ಎಂಟು ಗುಂಟೆಯಷ್ಟೇ ಆಗುತ್ತದೆ. ಹನ್ನೆರಡು ಗುಂಟೆ, ಅಂದರೆ 13,068 ಚದರಡಿ ಮಾಯ. ದೇವನಹಳ್ಳಿಯಲ್ಲಿ ಅದು 30×40ರ ಹತ್ತು ಸೈಟಿಗಿಂತ ಹೆಚ್ಚು. ಆ ಚುಕ್ಕೆಯ ಬಲಕ್ಕಿರುವುದು ಗುಂಟೆ ಎಂದು ಎರಡೂ ಕಡೆಯವರು ಮೊದಲೇ ಹೇಳಿಕೊಂಡಿರಬೇಕು.

ಹೆಸರುಗಳದ್ದು ಇನ್ನೂ ದೊಡ್ಡ ಪಾಡು. ಭೂಮಿ ಶುರುವಾದಾಗ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಯೂನಿಕೋಡ್ ಎಂಬ ಏಕರೂಪ ಸಂಕೇತ ಇನ್ನೂ ರೂಢಿಯಾಗಿರಲಿಲ್ಲ. ವಿಂಡೋಸ್‌ಗೆ ಕನ್ನಡ ತಾನಾಗಿ ಬಂದದ್ದೇ 2001ರ ಎಕ್ಸ್‌ಪಿ ಆವೃತ್ತಿಯ ‘ತುಂಗಾ’ ಅಕ್ಷರಗಳೊಂದಿಗೆ. ಅದಕ್ಕೆ ಮೊದಲು ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಗೀಚಿದಂತೆ ಕಾಣುತ್ತಿತ್ತು. ಯೂನಿಕೋಡ್ ಬಂದ ಮೇಲೂ ಕಣ್ಣಿಗೆ ಕಾಣದ ತೊಡಕು ಉಳಿಯಿತು. ‘ಅರ್ಕಾವತಿ’ ಎಂದು ಬರೆಯುವಾಗ ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನು, ಅನುಸ್ವಾರವಿರುವ ಹೆಸರುಗಳಲ್ಲಿ ಅದರ ಬದಲು ಕನ್ನಡದ ಸೊನ್ನೆಯನ್ನು ಒತ್ತುವ ಅಭ್ಯಾಸ ಹಲವರಿಗಿದೆ. ಓದುವವರಿಗೆ ಭೇದ ಕಾಣದು, ಯಂತ್ರಕ್ಕೆ ಅದು ಬೇರೆಯೇ ಹೆಸರು. ಪಹಣಿಯಲ್ಲಿ ‘ಬಿನ್ ಮುನಿಯಪ್ಪ’, ಆಧಾರ್‌ನಲ್ಲಿ ಇಂಗ್ಲಿಷಿನ ಇನಿಷಿಯಲ್ಲು. ಇಬ್ಬರೂ ಒಬ್ಬನೇ ಎಂದು ಊರಿಗೆ ಗೊತ್ತು, ಕಂಪ್ಯೂಟರಿಗೆ ಯಾರಾದರೂ ಹೇಳಬೇಕು.

2018ರ ಬೆಳೆ ಸಾಲ ಮನ್ನಾ ಈ ಬೆಸುಗೆಗೆ ದೊಡ್ಡ ಪರೀಕ್ಷೆಯಾಯಿತು. ಸಾಲದ ಲೆಕ್ಕ ಬ್ಯಾಂಕುಗಳಲ್ಲಿ, ಜಮೀನು ಭೂಮಿಯಲ್ಲಿ, ಕುಟುಂಬದ ವಿವರ ಪಡಿತರ ಚೀಟಿಯಲ್ಲಿ, ವ್ಯಕ್ತಿಯ ಗುರುತು ಆಧಾರ್‌ನಲ್ಲಿ. ಐಎಎಸ್ ಅಧಿಕಾರಿ ಮುನೀಶ್ ಮೌದ್ಗಿಲ್ ಅವರ ಉಸ್ತುವಾರಿಯಲ್ಲಿ ಆ ಎಲ್ಲವನ್ನೂ ತಾಳೆ ಹಾಕಿ ಅರ್ಹರನ್ನು ಗುರುತಿಸಲಾಯಿತು. ಇಂದು ರೈತರಿಗೆ ಪರಿಚಿತವಾದ ‘ಫ್ರೂಟ್ಸ್’ ಗುರುತಿನ ಸಂಖ್ಯೆಯ ಹಿಂದಿರುವ ವಿಚಾರವೂ ಇದೇ. ಒಬ್ಬ ರೈತನಿಗೆ ಒಂದು ಸಂಖ್ಯೆ, ಅದರಡಿ ಅವನ ಎಲ್ಲ ಜಮೀನು.

ಬೆಸೆದ ಮೇಲಿನ ಹೊಣೆ

ಒಳಿತಷ್ಟನ್ನೇ ಹೇಳಿದರೆ ಕಥೆ ಪೂರ್ತಿಯಾಗದು. ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಭೂಮಿ ಯೋಜನೆ ಕುರಿತ 2007ರ ತಮ್ಮ ಅಧ್ಯಯನದಲ್ಲಿ ಒಂದು ಕಹಿ ಮಾತು ಮುಂದಿಟ್ಟರು. ಹಳ್ಳಿಯಲ್ಲಿದ್ದ ದಾಖಲೆ ಮೇಲಿನ ಹಂತಕ್ಕೆ ಹೋಗಿ ಒಂದೆಡೆ ಸೇರಿದರೆ, ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡವರಿಗೆ ಅನುಕೂಲ ಹೆಚ್ಚು, ಸಣ್ಣವರಿಗೆ ಅಲ್ಲ ಎಂಬುದು ಅವರ ವಾದದ ತಿರುಳು. ವಿಮಾನ ನಿಲ್ದಾಣದ ಸುತ್ತಲಿನ ಹಳ್ಳಿಗಳಲ್ಲಿ ನಿಂತು ಓದುವವರು ಆ ಮಾತನ್ನು ತಳ್ಳಿಹಾಕಲಾರರು. ದಾಖಲೆ ಯಾರಿಗೆ ಬೇಗ ಕಾಣುತ್ತದೆ ಎಂಬುದೂ ನ್ಯಾಯದ ಪ್ರಶ್ನೆಯೇ.

ಇನ್ನೊಂದು ಪಾಠ ಇತ್ತೀಚಿನದು. 2023ರಲ್ಲಿ ‘ಕಾವೇರಿ 2.0’ ಬಂತು. ಮನೆಯಲ್ಲೇ ಪತ್ರದ ವಿವರ ತುಂಬಿ, ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಳ್ಳುವ ಅನುಕೂಲ ಆಯಿತು. ಪಂಚಾಯಿತಿ ಆಸ್ತಿಗಳ ‘ಇ-ಸ್ವತ್ತು’ ಕೂಡ ನೋಂದಣಿಯೊಂದಿಗೆ ಬೆಸೆದುಕೊಂಡಿತು. ಆದರೆ 2025ರ ಜನವರಿಯಲ್ಲಿ ದುರುದ್ದೇಶದ ಕೃತಕ ದಟ್ಟಣೆಯ ದಾಳಿಗೆ ಕಾವೇರಿ 2.0 ಸಿಕ್ಕಾಗ ರಾಜ್ಯದ ಉದ್ದಗಲಕ್ಕೂ ನೋಂದಣಿ ತತ್ತರಿಸಿತು. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದ ಮೇಲೆ ಆ ದಾರವನ್ನು ಕಾಯುವ ಹೊಣೆಯೂ ಅಷ್ಟೇ ದೊಡ್ಡದು.

ಪೌತಿ ಖಾತೆಯ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರಿಗೆ ಬದಲಿಸುವ ಕೆಲಸ ಇನ್ನೂ ಎದುರಿಗಿದೆ. ತಾತ ತೀರಿಕೊಂಡು ಎಷ್ಟೋ ವರ್ಷಗಳಾದರೂ ಪಹಣಿಯಲ್ಲಿ ಅವರ ಹೆಸರೇ ಇರುವ ಹೊಲಗಳು ಈ ಜಿಲ್ಲೆಯ ಊರೂರಲ್ಲೂ ಸಿಗುತ್ತವೆ. ಮರಣದ ದಾಖಲೆಯನ್ನು ಒಂದು ತಂತ್ರಾಂಶ ಇನ್ನೊಂದಕ್ಕೆ ಕಳಿಸಬಹುದು. ವಾರಸುದಾರರು ಯಾರು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹಕ್ಕನ್ನು ವಂಶವೃಕ್ಷದಲ್ಲಿ ಕೈಬಿಟ್ಟಿದ್ದಾರೆಯೇ ಎಂಬುದನ್ನು ಮನೆ ಬಾಗಿಲಿಗೆ ಹೋಗಿ ಕೇಳುವ ಮನುಷ್ಯ ಬೇಕು. ಯಂತ್ರಗಳು ಪರಸ್ಪರ ಮಾತಾಡಿ ಉಳಿಸಿಕೊಟ್ಟ ಸಮಯ ಗ್ರಾಮ ಆಡಳಿತ ಅಧಿಕಾರಿಗೆ ಈ ಕೆಲಸಕ್ಕೆ ಸಿಗಬೇಕು.

ಹೊಸ ತಂತ್ರಾಂಶದ ಉದ್ಘಾಟನೆ ಎಂದು ಕೇಳಿದಾಗಲೆಲ್ಲ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇನ್ನು ಮುಂದೆ ಯಾವ ಕಾಗದವನ್ನು ನಾನು ಹೊತ್ತು ತರಬೇಕಾಗಿಲ್ಲ? ಅದಕ್ಕೆ ಕೌಂಟರಿನವರು ಕಾಗದದ ಹೆಸರು ಹಿಡಿದು ಉತ್ತರ ಹೇಳಬಲ್ಲರಾದರೆ ಎರಡು ಕಚೇರಿಗಳು ನಿಜವಾಗಿ ಬೆಸೆದಿವೆ. ಹೇಳಲಾಗದಿದ್ದರೆ ಆ ಪ್ಲಾಸ್ಟಿಕ್ ಕವರು ಇನ್ನೂ ರೈತನ ಕೈಯಲ್ಲೇ ಇದೆ.