ಹಸಿದ ಗಿಡ ನಾನೂರು ವರ್ಷ ಬಾಳುತ್ತದೆಯೇ?

ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಒಂದು ಜಪಾನಿ ಬಿಳಿ ಪೈನ್ ಮರವಿದೆ. ಬೋನ್ಸಾಯ್ ಆಗಿ ಅದರ ಪಾಲನೆ ಶುರುವಾದದ್ದು 1625ರಲ್ಲಿ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಅದು ಸುಮಾರು 3 ಕಿ.ಮೀ. ದೂರದ ಯಾಮಾಕಿ ಮನೆತನದ ನರ್ಸರಿಯಲ್ಲಿ, ಎತ್ತರದ ಗೋಡೆಯ ಮರೆಯಲ್ಲಿತ್ತು, ಉಳಿದುಕೊಂಡಿತು. ಅಮೆರಿಕದ ಸ್ವಾತಂತ್ರ್ಯಕ್ಕೆ 200 ವರ್ಷ ತುಂಬಿದ 1976ರಲ್ಲಿ ಜಪಾನಿನಿಂದ ಉಡುಗೊರೆಯಾಗಿ ಹೋದ 53 ಬೋನ್ಸಾಯ್‌ಗಳಲ್ಲಿ ಇದೂ ಸೇರಿತು. ಬಾಂಬಿನ ಸಂಗತಿ ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ, ಯಾಮಾಕಿಯವರ ಮೊಮ್ಮಕ್ಕಳು ಮರ ನೋಡಲು ಬಂದಾಗ.

ಗಿಡವನ್ನು ಉಪವಾಸ ಕೆಡವಿ ಕುಳ್ಳಗಾಗಿಸುತ್ತಾರೆಂಬ ಆಕ್ಷೇಪ ಬೋನ್ಸಾಯ್‌ನ ಬೆನ್ನು ಬಿಟ್ಟಿಲ್ಲ. ಹಸಿದ ಗಿಡ ಇಷ್ಟು ಕಾಲ ಬಾಳುವುದುಂಟೆ?

ಬೋನ್ಸಾಯ್‌ಗೆಂದು ಬೇರೆ ಬೀಜವಿಲ್ಲ. ನೆಲಕ್ಕೆ ನೆಟ್ಟರೆ ಅದೇ ಗಿಡ ಹೆಮ್ಮರವಾಗುತ್ತದೆ. ಚಿಗುರು ಚಿವುಟಿದಷ್ಟೂ ರೆಂಬೆ ಒತ್ತಾಗಿ ಎಲೆ ಕಿರಿದಾಗುತ್ತದೆ. ಕಾಯಿಗೆ ಮಾತ್ರ ಈ ಲೆಕ್ಕವಿಲ್ಲ: ಒಂದಡಿಯ ದಾಳಿಂಬೆ ಗಿಡವೂ ತನ್ನ ತಳಿಯ ಗಾತ್ರಕ್ಕೇ ಕಾಯಿ ಬಿಡುತ್ತದೆ. ಅದಕ್ಕೇ ಬಲ್ಲವರು ಸಣ್ಣ ಕಾಯಿಯ ತಳಿ ಹುಡುಕುತ್ತಾರೆ.

ಎರಡು ಮೂರು ವರ್ಷಕ್ಕೊಮ್ಮೆ ಕುಂಡದಿಂದ ಎತ್ತಿದರೆ ಬೇರು ಶ್ಯಾವಿಗೆಯಂತೆ ಹೆಣೆದುಕೊಂಡಿರುತ್ತದೆ. ಕಡ್ಡಿಯಿಂದ ಮಣ್ಣು ಉದುರಿಸಿ, ಸಿಕ್ಕು ಬಿಡಿಸಿ, ಸುಮಾರು ಮೂರನೇ ಒಂದು ಭಾಗ ಕತ್ತರಿಸಿ ಹೊಸ ಮಣ್ಣಿನಲ್ಲಿ ಕೂರಿಸಬೇಕು. ಕತ್ತರಿಸಿದಲ್ಲೇ ನೀರು, ಸಾರ ಹೀರುವ ಎಳೆಬೇರು ಒಡೆಯುತ್ತದೆ. ಹೀಗೆ ಗಿಡ ಮುಪ್ಪಾಗದೆ ಉಳಿಯುತ್ತದೆ.

ಆಕಾರ ಕೊಡುವುದು ತಂತಿ. ರೆಂಬೆಯ ಮೂರನೇ ಒಂದರಷ್ಟು ದಪ್ಪದ ಅಲ್ಯೂಮಿನಿಯಂ ತಂತಿಯನ್ನು 45 ಡಿಗ್ರಿ ಓರೆಯಲ್ಲಿ ಸುತ್ತಿ, ಹೆಬ್ಬೆರಳುಗಳನ್ನು ಬಾಗಿನ ಒಳಗೆ ಆನಿಸಿ ಮೆಲ್ಲನೆ ಬಗ್ಗಿಸುತ್ತಾರೆ. ರೆಂಬೆ ಆ ಬಾಗಿಗೆ ಒಗ್ಗಿದ ಮೇಲೆ ತಂತಿಯನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆಯುವುದು ಕ್ಷೇಮ. ಬಿಚ್ಚಲು ಹೋದರೆ ರೆಂಬೆ ಮುರಿದೀತು. ತಡಮಾಡಿದರೆ ತಂತಿ ತೊಗಟೆಗೆ ಕಚ್ಚಿ, ಸುರುಳಿ ಗಾಯ ವರ್ಷಗಟ್ಟಲೆ ಮಾಯದು.

ನಮ್ಮ ಬಯಲುಸೀಮೆಗೆ ಪೈನ್‌ಗಿಂತ ಆಲ, ಅತ್ತಿ, ಹುಣಸೆ ಹೊಂದುತ್ತವೆ. ಆಲ ಕುಂಡದಲ್ಲೂ ಬಿಳಲು ಬಿಡಬಲ್ಲದು. ಕತ್ತರಿ ತಪ್ಪಿದರೂ ಬೇಗ ಚಿಗುರುತ್ತದೆ. ಹೊಸಬರು ಇದರಿಂದ ಶುರುಮಾಡುವುದು ಲೇಸು. ನೋಡಿ ಕಲಿಯುವವರಿಗೆ ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವಿದೆ.

ಆದರೆ ಆಳವಿಲ್ಲದ ಕುಂಡ ಏಪ್ರಿಲ್ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತದೆ. ತಂತಿ, ಕತ್ತರಿ ಕೊಳ್ಳುವ ಮೊದಲು, ನೀವು ಊರಿಗೆ ಹೋದಾಗ ನೀರು ಹಾಕುವವರು ಯಾರೆಂದು ಮನೆಯಲ್ಲಿ ತೀರ್ಮಾನವಾಗಲಿ.