ಹಾಸಿಗೆ ಒದ್ದೆ ಮಾಡುವ ಮಗುವನ್ನು ಬೈಯಬೇಡಿ

ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಆರನೇ ತರಗತಿಗೆ ಸೀಟು ಸಿಕ್ಕಿತೆಂದರೆ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಮನೆಗಳಲ್ಲಿ ಪೇಢೆ ಹಂಚುತ್ತಾರೆ. ಅಂಥ ಹೊತ್ತಿನಲ್ಲೇ ಕೆಲವು ಮಕ್ಕಳು ‘ನಾ ಹೋಗೂದಿಲ್ಲ’ ಎಂದು ಹಟ ಹಿಡಿಯುವುದುಂಟು. ಕಾರಣ ಕೇಳಿದರೆ ಬಾಯಿ ಬಿಡುವುದಿಲ್ಲ. ರಾತ್ರಿ ಕೌದಿ ಒದ್ದೆಯಾಗುತ್ತದೆಂದು ಹೇಗೆ ಹೇಳಿಯಾರು?

ಹತ್ತು ವರ್ಷದ ಮಕ್ಕಳಲ್ಲಿಯೂ ನೂರಕ್ಕೆ ಸುಮಾರು 5 ಮಂದಿಗೆ ಈ ತೊಂದರೆ ಇರುತ್ತದೆ. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಇದು ಸೋಮಾರಿತನವಲ್ಲ. ರಾತ್ರಿ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೆಚ್ಚು ಸ್ರವಿಸಿ ಮೂತ್ರದ ಪ್ರಮಾಣ ತಗ್ಗಬೇಕು. ಕೆಲವು ಮಕ್ಕಳಲ್ಲಿ ಈ ಏರಿಕೆ ಸಾಲದು. ಕೆಲವರ ಮೂತ್ರಕೋಶ ಹಿಡಿಯುವುದೇ ಕಡಿಮೆ. ಕೋಶ ತುಂಬಿದರೂ ನಿದ್ದೆ ಹರಿಯುವುದಿಲ್ಲ. ಇದು ವಂಶದಲ್ಲಿಯೂ ಬರುತ್ತದೆ. ಅಪ್ಪಂದಿರು ತಮ್ಮ ಬಾಲ್ಯವನ್ನು ಮರೆತಿರುತ್ತಾರೆ, ಅಜ್ಜಿಯನ್ನು ಕೇಳಿ ನೋಡಿ!

ಶಾಲೆಯ ಶೌಚಾಲಯಕ್ಕೆ ಹೆದರಿ ಹಗಲೆಲ್ಲ ನೀರು ಬಿಟ್ಟು, ಸಂಜೆ ಚೊಂಬುಗಟ್ಟಲೆ ಕುಡಿಯುವ ಮಕ್ಕಳಿದ್ದಾರೆ. ಇದು ತಿರುವುಮುರುವಾಗಬೇಕು. ಸಂಜೆಯ ಚಹಾ ಬೇಡ. ಮಲಬದ್ಧತೆಯಿದ್ದರೆ ಮೊದಲು ಅದನ್ನು ನೋಡಬೇಕು. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಅಲಾರಂ ಇದೆ. 1938ರಲ್ಲಿ ಅಮೆರಿಕದ ಮೌರರ್ ದಂಪತಿಗಳು ಪ್ರಕಟಿಸಿದ ವಿಧಾನವಿದು. ಬಟ್ಟೆಗೆ ತೇವ ತಗಲಿದೊಡನೆ ಗಂಟೆ ಬಾರಿಸುತ್ತದೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿದ ಮಕ್ಕಳಿಗೆ ಗಂಟೆ ಯಾವ ಲೆಕ್ಕ ಎನ್ನಬಹುದು! ನಿಜ, ಮೊದಮೊದಲು ಯಾವ ಮಗುವೂ ಏಳುವುದಿಲ್ಲ. ತಂದೆ-ತಾಯಿಯೇ ಎದ್ದು ಎಬ್ಬಿಸಬೇಕು. ಎರಡು-ಮೂರು ತಿಂಗಳು ಬಿಡದೆ ನಡೆಸಿದರೆ ಮೂವರಲ್ಲಿ ಸುಮಾರು ಇಬ್ಬರಿಗೆ ಗುಣ ಕಾಣುತ್ತದೆ. ಪ್ರವೇಶ ಪರೀಕ್ಷೆಯ ತಯಾರಿಯೊಡನೆಯೇ ಇದನ್ನೂ ಆರಂಭಿಸಿದರೆ ವಸತಿ ಶಾಲೆಗೆ ಹೊರಡುವ ಹೊತ್ತಿಗೆ ಅನುಕೂಲ.

ಡೆಸ್ಮೊಪ್ರೆಸಿನ್ ಮಾತ್ರೆ ಆ ಹಾರ್ಮೋನಿನ ಕೆಲಸವನ್ನೇ ಮಾಡುತ್ತದೆ. ಪ್ರವಾಸಕ್ಕೆ, ಹಾಸ್ಟೆಲಿನ ಮೊದಲ ದಿನಗಳಿಗೆ ಉಪಯುಕ್ತ. ಬಿಟ್ಟರೆ ತೊಂದರೆ ಮರಳಬಹುದು. ವೈದ್ಯರು ಬರೆದುಕೊಟ್ಟರೆ ಮಾತ್ರ ಕೊಡಿ. ನುಂಗುವ ಒಂದು ತಾಸು ಮೊದಲಿನಿಂದ, ನಂತರದ ಎಂಟು ತಾಸಿನವರೆಗೆ ನೀರು ಕುಡಿಸಬಾರದು. ಕುಡಿದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯವಿದೆ. ತಾಯಿತದಿಂದ ಅಪಾಯವಿಲ್ಲ, ಉಪಯೋಗವೂ ಇಲ್ಲ.

ಹಗಲೂ ಮೂತ್ರ ಸೋರುತ್ತಿದ್ದರೆ, ಉರಿಯಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಆರು ತಿಂಗಳು ಚೆನ್ನಾಗಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿ, ಜೊತೆಗೆ ವಿಪರೀತ ಬಾಯಾರಿಕೆಯಾಗಿ ತೂಕ ಇಳಿಯುತ್ತಿದ್ದರೆ ಅದು ಸಕ್ಕರೆ ಕಾಯಿಲೆಯಿರಬಹುದು. ರಕ್ತಪರೀಕ್ಷೆ ಅಂದೇ ಆಗಬೇಕು.